ಹಸಿರು ದೀಪ ಹೊತ್ತಿದೆ, ಬ್ಯಾಟರಿ ತುಂಬಿಲ್ಲ: ಕ್ಯಾಂಪರ್‌ವ್ಯಾನ್ ಚಾರ್ಜರ್ ದೋಷ ನಿವಾರಣೆ ಕೈಪಿಡಿ

ಸಂಜೆ ಹೋಂಸ್ಟೇ ಪ್ಲಗ್ಗಿಗೆ ವೈರ್ ಸಿಕ್ಕಿಸಿ ರಾತ್ರಿಯಿಡೀ ಚಾರ್ಜರ್ ಓಡಿಸಿರುತ್ತೀರಿ. ಬೆಳಿಗ್ಗೆ ನೋಡಿದರೆ ಹಸಿರು ದೀಪ. ಪ್ಲಗ್ ಕಿತ್ತು ಹೊರಟ ಎರಡೇ ಗಂಟೆಗೆ ಫ್ರಿಜ್ ನಿಂತುಹೋಗುತ್ತದೆ. ಹೆಚ್ಚಿನವರು ಆಗ ಬ್ಯಾಟರಿ ಬದಲಿಸುತ್ತಾರೆ. ಹೊಸ ಬ್ಯಾಟರಿಯೂ ಹಾಗೇ ಮಾಡಿದರೆ ಚಾರ್ಜರ್ ಬದಲಿಸುತ್ತಾರೆ. ಎರಡರ ನಡುವಿನ ನಾಲ್ಕು ಮೀಟರ್ ತಂತಿಯನ್ನು ಮುಟ್ಟಿ ನೋಡುವವರು ಕಡಿಮೆ. ತಪ್ಪು ಬಹಳ ಸಲ ಇರುವುದು ಅಲ್ಲೇ.

ಹಾಗಾಗಿ ಹೊಸ ಚಾರ್ಜರಿಗೆ ದುಡ್ಡು ಹಾಕುವ ಮುಂಚೆ ಅಳತೆ ಮಾಡಿ, ಅದೂ ಚಾರ್ಜರಿನ ದೀಪ ನೋಡಿ ಅಲ್ಲ, ಬ್ಯಾಟರಿಯ ಟರ್ಮಿನಲ್ ಮೇಲೆ ಮೀಟರ್ ಇಟ್ಟು. ಇಲ್ಲಿ ಹೇಳುವುದು ವ್ಯಾನಿನ ಒಳಗಿನ ದೀಪ, ಫ್ರಿಜ್, ಫ್ಯಾನುಗಳಿಗೆಂದು ಹಾಕಿದ 12 ವೋಲ್ಟಿನ ಲೀಶರ್ ಬ್ಯಾಟರಿಯ ಬಗ್ಗೆ. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯ ಲೆಕ್ಕ ಬೇರೆ.

ಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಡಿಸಿ ಆಂಪ್ ಅಳೆಯುವ ಕ್ಲ್ಯಾಂಪ್ ಮೀಟರ್. ಕೊಳ್ಳುವಾಗ ಡಿಸಿ ಅಂತ ಒತ್ತಿ ಕೇಳಿ, ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ, ಬ್ಯಾಟರಿ ತಂತಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ. ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ ಎಚ್4 60/55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಒಂದು, ಅದಕ್ಕೆ ಬೆಸುಗೆ ಹಾಕಿದ ಎರಡು ತಂತಿ. ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್. ಇಷ್ಟು ಸಾಕು.

ಮೊದಲು ಬ್ಯಾಟರಿ ಬದುಕಿದೆಯೇ ನೋಡಿ

ಚಾರ್ಜರ್ ತೆಗೆಯಿರಿ, ಎಲ್ಲ ಲೋಡ್ ಆಫ್ ಮಾಡಿ, ಕನಿಷ್ಠ ನಾಲ್ಕು ಗಂಟೆ ಸುಮ್ಮನೆ ಬಿಡಿ. ಚಾರ್ಜ್ ನಿಲ್ಲಿಸಿದ ತಕ್ಷಣ ಅಳೆದರೆ ಮೇಲ್ಮೈ ವೋಲ್ಟೇಜ್ 13ರ ಮೇಲೆ ನಿಂತು ಮೋಸ ಮಾಡುತ್ತದೆ. ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.7 ತೋರಿಸಿದರೆ ಪೂರ್ತಿ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅರ್ಧ, 12.0 ಕಾಲು. ಎಜಿಎಂ (ಆಸಿಡ್ಡನ್ನು ಗಾಜಿನೆಳೆಯ ಹಾಳೆಯಲ್ಲಿ ಹೀರಿಸಿಟ್ಟ ಸೀಲ್ಡ್ ಬ್ಯಾಟರಿ) ಆದರೆ ತುಂಬಿದಾಗ ಇನ್ನೊಂದೆರಡು ಪಾಯಿಂಟ್ ಮೇಲೆ, 12.8-12.9 ಇರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದು ತುಂಬಿದಾಗ 13.3-13.4, ಅರ್ಧಕ್ಕಿಳಿದರೂ 13.2ರ ಹತ್ತಿರವೇ. ಅದರ ಹೊಟ್ಟೆಯಲ್ಲಿ ಎಷ್ಟಿದೆ ಅಂತ ತಿಳಿಯಲು ಒಳಹೋದ ಹೊರಬಂದ ಆಂಪ್ ಎಣಿಸುವ, ಶಂಟ್ ಹಾಕಿದ ಮಾನಿಟರ್ ಬೇಕು.

ರಾತ್ರಿಯಿಡೀ ಚಾರ್ಜ್ ಮಾಡಿಯೂ ವಿಶ್ರಾಂತಿಯಲ್ಲಿ 10.5ರ ಆಸುಪಾಸು ನಿಂತರೆ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆ. ಯಾವ ಚಾರ್ಜರೂ ಅದನ್ನು ಎಬ್ಬಿಸುವುದಿಲ್ಲ. ನೀರಿನ ಬ್ಯಾಟರಿಯಲ್ಲಿ ಹೈಡ್ರೋಮೀಟರ್ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ: ಐದು ಸೆಲ್ ಒಂದೇ ಸಮ ಓದಿ, ಒಂದು ಮಾತ್ರ ಉಳಿದವಕ್ಕಿಂತ 0.050ಕ್ಕೂ ಹೆಚ್ಚು ಕೆಳಗಿದ್ದರೆ ಆ ಸೆಲ್ ಹೋಗಿದೆ. ಸಾಮಾನ್ಯ ವಾಹನ ಬ್ಯಾಟರಿ ತುಂಬಿದಾಗ 1.265-1.280 ಓದುತ್ತದೆ. ಮನೆ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ ಆಸಿಡ್ಡೇ ತೆಳುವು, 1.240 ಇದ್ದರೆ ಅದು ತುಂಬಿದಂತೆ. ಇದು ಗೊತ್ತಿಲ್ಲದೆ 'ಆಸಿಡ್ ಸಾಲದು' ಅಂತ ಆಸಿಡ್ ಸುರಿದು ಬ್ಯಾಟರಿ ಕೊಂದವರಿದ್ದಾರೆ. ಕಡಿಮೆಯಾದಾಗ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ.

ವೋಲ್ಟೇಜ್ ಸರಿಯಿದ್ದು ಸತ್ವ ಇದೆಯೋ ಇಲ್ಲವೋ ಅನ್ನುವುದಕ್ಕೆ ಹೆಡ್‌ಲೈಟ್ ಬಲ್ಬಿನ ಪರೀಕ್ಷೆ. 60 ವ್ಯಾಟಿನ ಫಿಲಮೆಂಟ್ ಸುಮಾರು 5 ಆಂಪ್ ಎಳೆಯುತ್ತದೆ. 100 ಎಎಚ್ (ಆಂಪ್-ಅವರ್) ಬ್ಯಾಟರಿ ಅಂದರೆ 5 ಆಂಪ್‌ನಂತೆ 20 ಗಂಟೆ ಕೊಡಬೇಕು ಎಂದೇ ಅರ್ಥ. ತುಂಬಿದ ಬ್ಯಾಟರಿಗೆ ಬಲ್ಬ್ ಹಚ್ಚಿ 10 ಗಂಟೆ ಬಿಡಿ, ತೆಗೆದು ಒಂದೆರಡು ಗಂಟೆ ಬಿಟ್ಟು ಅಳೆಯಿರಿ. 12.2ರ ಹತ್ತಿರ ಇದ್ದರೆ ಬ್ಯಾಟರಿಯ ಮೇಲೆ ದೂರಿಲ್ಲ. ನಾಲ್ಕೇ ಗಂಟೆಯಲ್ಲಿ, ಬಲ್ಬ್ ಉರಿಯುತ್ತಿರುವಾಗಲೇ 12.0ಕ್ಕಿಂತ ಕೆಳಗಿಳಿದರೆ ಅರ್ಧಕ್ಕಿಂತ ಹೆಚ್ಚು ಸತ್ವ ಹೋಗಿದೆ. ಬಲ್ಬನ್ನು ಸ್ಟೀಲ್ ತಟ್ಟೆಯ ಮೇಲಿಡಿ, ಹಾಸಿಗೆ ಪರದೆಗಳಿಂದ ದೂರ. ಕೈ ಸುಡುವಷ್ಟು ಬಿಸಿಯಾಗುತ್ತದೆ.

ತುಂಬುವ ಮೊದಲೇ ಹಸಿರು ದೀಪ

ಇದೇ ಎಲ್ಲಕ್ಕಿಂತ ಸಾಮಾನ್ಯ ದೂರು.

ಮೂರು ಹಂತದ ಚಾರ್ಜರ್ ಮೊದಲು ತನ್ನ ಪೂರ್ತಿ ಆಂಪ್ ಕೊಟ್ಟು ವೋಲ್ಟೇಜನ್ನು 14.4ಕ್ಕೆ ಏರಿಸುತ್ತದೆ. ಆಮೇಲೆ 14.4ರಲ್ಲೇ ಹಿಡಿದು ಆಂಪ್ ಇಳಿಯಲು ಬಿಡುತ್ತದೆ. ಕೊನೆಗೆ 13.5-13.8ರ ಫ್ಲೋಟ್‌ಗೆ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದಿಡುವ ಹಂತಕ್ಕೆ, ಇಳಿದು ಹಸಿರು ದೀಪ ಹಚ್ಚುತ್ತದೆ. ಆದರೆ ಆ 14.4 ಅದಕ್ಕೆ ಕಾಣುವುದು ತನ್ನ ಬಾಯಲ್ಲಿ, ಬ್ಯಾಟರಿಯಲ್ಲಲ್ಲ.

ಲೆಕ್ಕ ನೋಡಿ. 20 ಆಂಪ್ ಚಾರ್ಜರನ್ನು ಡ್ರೈವರ್ ಸೀಟಿನ ಹಿಂದೆ ಹಾಕಿದ್ದಾರೆ, ಬ್ಯಾಟರಿ ಹಿಂಬಾಗಿಲ ಹತ್ತಿರ. ನಡುವೆ 4 ಮೀಟರ್, ಹೋಗಿ ಬರಲು 8 ಮೀಟರ್. ಹಾಕಿದ್ದು ಮನೆ ವೈರಿಂಗಿನ 2.5 ಚದರ ಮಿಮೀ ತಾಮ್ರದ ತಂತಿ, ಮೀಟರಿಗೆ ಸುಮಾರು 7 ಮಿಲಿಓಮ್. ಒಟ್ಟು 56 ಮಿಲಿಓಮ್, ಅದರಲ್ಲಿ 20 ಆಂಪ್ ಹರಿದರೆ 1.1 ವೋಲ್ಟ್ ತಂತಿಯಲ್ಲೇ ಖರ್ಚು. ಚಾರ್ಜರ್ 14.4 ಅಂದುಕೊಂಡಾಗ ಬ್ಯಾಟರಿಗೆ ಸಿಗುತ್ತಿರುವುದು 13.3. ಆಂಪ್ ಇಳಿದಂತೆ ಈ ಅಂತರ ಕಡಿಮೆಯಾಗುತ್ತದೆ ನಿಜ, ತಾಳ್ಮೆಯಿಂದ ಕಾದರೆ ಬ್ಯಾಟರಿ ತುಂಬಲೂಬಹುದು. ಆದರೆ ಗಡಿಯಾರ ನೋಡಿಕೊಂಡು ಎರಡು ಗಂಟೆಗೆ ಫ್ಲೋಟ್‌ಗೆ ಇಳಿಯುವ ಚಾರ್ಜರ್ ಅಷ್ಟು ಕಾಯುವುದಿಲ್ಲ.

ಪತ್ತೆ ಮಾಡುವ ಕ್ರಮ ಹೀಗೆ. ಬ್ಯಾಟರಿಯನ್ನು 12.2ರಷ್ಟು ಇಳಿಸಿಕೊಂಡು ಚಾರ್ಜರ್ ಹಚ್ಚಿ, ಪೂರ್ತಿ ಆಂಪ್ ಹರಿಯುತ್ತಿರುವಾಗಲೇ ಅಳೆಯಬೇಕು:

1. ಚಾರ್ಜರಿನ ಔಟ್‌ಪುಟ್ ಸ್ಕ್ರೂಗಳ ಮೇಲೆ ವೋಲ್ಟೇಜ್ ಬರೆದುಕೊಳ್ಳಿ.
2. ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆಯೇ ಮೀಟರ್ ಮುಳ್ಳು ಒತ್ತಿ ಅಳೆಯಿರಿ. ತಂತಿಯ ತುದಿಗೆ ಹಾಕಿದ ಲಗ್ಗಿನ ಮೇಲಲ್ಲ, ಬೋಲ್ಟಿನ ಮೇಲಲ್ಲ.
3. ಎರಡರ ಅಂತರ 0.2 ವೋಲ್ಟಿಗಿಂತ ಹೆಚ್ಚಿದ್ದರೆ ಕಳ್ಳ ದಾರಿಯಲ್ಲಿದ್ದಾನೆ. ಒಂದು ಮುಳ್ಳು ಚಾರ್ಜರಿನ ಪ್ಲಸ್ ಮೇಲೆ, ಇನ್ನೊಂದು ಬ್ಯಾಟರಿಯ ಪ್ಲಸ್ ಮೇಲೆ ಇಟ್ಟರೆ ಪ್ಲಸ್ ತಂತಿ ನುಂಗುತ್ತಿರುವುದು ನೇರವಾಗಿ ಓದುತ್ತದೆ. ಮೈನಸ್ ಕಡೆಯೂ ಹಾಗೇ.
4. ಆಮೇಲೆ ತುಂಡು ತುಂಡಾಗಿ: ಫ್ಯೂಸಿನ ಎರಡು ತುದಿ, ಕಟೌಟ್ ಸ್ವಿಚ್ಚಿನ ಎರಡು ತುದಿ, ಲಗ್ಗಿಗೂ ಟರ್ಮಿನಲ್ಲಿಗೂ ನಡುವೆ. ಒಂದು ಜಾಯಿಂಟ್ ಒಂದೇ 0.05 ವೋಲ್ಟ್ ತಿನ್ನುತ್ತಿದ್ದರೆ ಅದನ್ನು ಬಿಚ್ಚಿ.

ಕೊಡಗಿನಲ್ಲಿ ತಂತಿಯ ದೋಷಕ್ಕಿಂತ ಜಾಯಿಂಟಿನ ದೋಷವೇ ಹೆಚ್ಚು ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ ಕಡೆ ನಿಂತ ವ್ಯಾನಿನೊಳಗೆ ಬೆಡ್‌ಶೀಟೇ ಒಣಗುವುದಿಲ್ಲ, ಲಗ್ ಒಣಗಿರುತ್ತದೆಯೇ? ಬಿಚ್ಚಿ ನೋಡಿದರೆ ಮೈನಸ್ ಕಡೆ ಬಿಳಿ ಪುಡಿ, ತಾಮ್ರದ ಮೇಲೆ ಹಸಿರು ಕಿಲುಬು. ಇನ್ಸುಲೇಷನ್ ಒಂದು ಇಂಚು ಸೀಳಿದರೆ ಒಳಗಿನ ಎಳೆಗಳು ಇದ್ದಿಲಿನಂತೆ ಕಪ್ಪಗಾಗಿರುತ್ತವೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ಗುಗಳ ಹಣೆಬರಹ ಇದೇ. ಕಪ್ಪು ಎಳೆಯ ಮೇಲೆ ಹೊಸ ಲಗ್ ಹಾಕಿ ಪ್ರಯೋಜನವಿಲ್ಲ. ಕೆಂಪು ತಾಮ್ರ ಹೊಳೆಯುವ ತನಕ ಕತ್ತರಿಸಿ, ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ, ಮೇಲೆ ಹೀಟ್ ಶ್ರಿಂಕ್ ತೊಡಿಸಿ. ಟರ್ಮಿನಲ್ಲಿನ ಪುಡಿಗೆ ಬಿಸಿನೀರಲ್ಲಿ ಕರಗಿಸಿದ ಅಡುಗೆ ಸೋಡಾ ಹಚ್ಚಿ, ಬುರುಗು ನಿಂತ ಮೇಲೆ ತೊಳೆದು, ವೈರ್ ಬ್ರಷ್ ಹಾಕಿ, ಒಣಗಿಸಿ, ಬಿಗಿ ಮಾಡಿ. ನೀರು ಸೆಲ್ಲಿನ ಮುಚ್ಚಳದೊಳಗೆ ಇಳಿಯದಿರಲಿ. ಪೆಟ್ರೋಲಿಯಂ ಜೆಲ್ಲಿ ಬಿಗಿ ಮಾಡಿದ ಮೇಲೆ ಹೊರಗಿನಿಂದ, ಮೊದಲೇ ನಡುವೆ ಬಳಿಯುವುದಲ್ಲ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ತಂತಿಯೇ ಸಣ್ಣದಾಗಿದ್ದರೆ ದಪ್ಪ ತಂತಿ ಎಳೆಯುವುದಕ್ಕಿಂತ ಚಾರ್ಜರನ್ನೇ ಬ್ಯಾಟರಿಯ ಹತ್ತಿರಕ್ಕೆ ಸರಿಸುವುದು ಒಳ್ಳೆಯದು. ಒಂದು ಮೀಟರ್ ಒಳಗೆ ಬಂದರೆ 6 ಚದರ ಮಿಮೀ ತಂತಿಯಲ್ಲೇ ನಷ್ಟ 0.12 ವೋಲ್ಟಿಗೆ ಇಳಿಯುತ್ತದೆ. ಉದ್ದ ಬೇಕಾದರೆ 230 ವೋಲ್ಟ್ ಕಡೆ ಇರಲಿ. ಅಲ್ಲಿ 20 ಆಂಪ್ ಚಾರ್ಜರ್ ಎಳೆಯುವುದು ಎರಡು ಆಂಪ್ ಚಿಲ್ಲರೆ ಮಾತ್ರ, 2.5 ಚದರ ಮಿಮೀನ 30 ಮೀಟರ್ ಎಕ್ಸ್‌ಟೆನ್ಷನ್ನಿನಲ್ಲೂ ಹೋಗುವುದು ಒಂದು ವೋಲ್ಟ್. 230ರಲ್ಲಿ ಒಂದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 30 ಆಂಪ್ ಫ್ಯೂಸ್ ಮರೆಯಬೇಡಿ. ಫ್ಯೂಸ್ ಕಾಯುವುದು ತಂತಿಯನ್ನು, ಚಾರ್ಜರನ್ನಲ್ಲ.

ಈಗ ಇನ್ನೊಂದು ಸಾಧ್ಯತೆ. ಬ್ಯಾಟರಿಯ ಟರ್ಮಿನಲ್ ಮೇಲೂ ನಿಜವಾಗಿಯೇ ಹತ್ತು ನಿಮಿಷಕ್ಕೆ 14.4 ಬಂತು, ಆಂಪ್ ಸರ್ರನೆ ಇಳಿಯಿತು, ಚಾರ್ಜ್ ತೆಗೆದ ನಾಲ್ಕು ಗಂಟೆಗೆ 12.2. ಆಗ ತಂತಿ ಸರಿಯಿದೆ, ಚಾರ್ಜರೂ ಸರಿಯಿದೆ; ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿದೆ. ತಿಂಗಳುಗಟ್ಟಲೆ ಅರ್ಧ ಚಾರ್ಜಿನಲ್ಲಿ ನಿಲ್ಲಿಸಿದ ಬ್ಯಾಟರಿಗೆ ಬರುವ ಕಾಯಿಲೆ ಇದು. ನೀರಿನ ಬ್ಯಾಟರಿಯಾದರೆ 15.5 ವೋಲ್ಟಿನ ಈಕ್ವಲೈಸ್ ಚಾರ್ಜ್ (ಸಲ್ಫೇಟ್ ಕರಗಿಸಲು ಬೇಕೆಂದೇ ಹೆಚ್ಚು ವೋಲ್ಟೇಜಿನಲ್ಲಿ ಕೊಡುವ ಚಾರ್ಜ್) ಕೊಟ್ಟು ನೋಡಬಹುದು, ವ್ಯಾನಿನ ಬೇರೆಲ್ಲ ತಂತಿ ಬಿಚ್ಚಿಟ್ಟು. ಎಜಿಎಂ, ಜೆಲ್, ಲಿಥಿಯಂಗಳಿಗೆ ಆ ಚಿಕಿತ್ಸೆ ಬೇಡವೇ ಬೇಡ.

ಲೈನಿನಲ್ಲೇ ವೋಲ್ಟೇಜ್ ಇಲ್ಲ

ಗ್ಯಾರೇಜುಗಳಲ್ಲಿ ಕಾಣುವ ಭಾರದ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳಿಗೆ ಸ್ವಂತ ಬುದ್ಧಿ ಇಲ್ಲ. ಒಳಗೆ ಬಂದದ್ದು ಎಷ್ಟು ಇಳಿಯಿತೋ ಹೊರಗೆ ಹೋಗುವುದೂ ಅಷ್ಟೇ ಪಾಲು ಇಳಿಯುತ್ತದೆ. 230ರಲ್ಲಿ 15 ವೋಲ್ಟ್ ಕೊಡುವುದು 180ರಲ್ಲಿ 11.7 ಕೊಡುತ್ತದೆ. ಗುಂಯ್ ಅಂತ ಸದ್ದು ಮಾಡುತ್ತಿರುತ್ತದೆ, ಬ್ಯಾಟರಿಗೆ ಒಂದು ಆಂಪೂ ಹೋಗುತ್ತಿರುವುದಿಲ್ಲ.

ತೋಟದ ಮನೆಗಳಲ್ಲಿ ಇದು ಕಾಲ ನೋಡಿ ಬರುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವ ಹೊತ್ತು, ಫೆಬ್ರವರಿ-ಮಾರ್ಚಿನಲ್ಲಿ ಹೂವಿಗೆಂದು ಸ್ಪ್ರಿಂಕ್ಲರ್ ಮೋಟಾರ್ ಹಾಕಿದ ಹೊತ್ತು, ಸಂಜೆ ಎಲ್ಲರ ಮನೆ ಗೀಸರ್ ಹತ್ತಿದ ಹೊತ್ತು. ಹಾಗಾಗಿ ಮಧ್ಯಾಹ್ನ ಒಮ್ಮೆ ಅಳೆದು ಬಿಡಬೇಡಿ. ಸಂಜೆ ಏಳಕ್ಕೆ ವ್ಯಾನಿನ ಪ್ಲಗ್ಗಿನಲ್ಲಿ ಅಳೆಯಿರಿ. ಜೊತೆಗೆ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯನ್ನು ಅದೇ ಎಕ್ಸ್‌ಟೆನ್ಷನ್ನಿಗೆ ಹಾಕಿ ಇನ್ನೊಮ್ಮೆ. ಇಸ್ತ್ರಿ ಹಾಕಿದಾಗ 10 ವೋಲ್ಟಿಗಿಂತ ಹೆಚ್ಚು ಬಿದ್ದರೆ ಊರಿನ ಲೈನಿಗಿಂತ ಮೊದಲು ಶೆಡ್ಡಿನ ಪ್ಲಗ್, ಎಕ್ಸ್‌ಟೆನ್ಷನ್ ಜಾಯಿಂಟ್ ನೋಡಿ. ಎಲ್ಲಾದರೂ ಬಿಸಿಯಾಗಿರುತ್ತದೆ. ಇಸ್ತ್ರಿ ಇಲ್ಲದೆಯೇ 190ರ ಕೆಳಗಿದ್ದರೆ ಲೈನೇ ಸಪ್ಪೆ.

ಇದಕ್ಕೆ ಸ್ಟೆಬಿಲೈಜರ್ ಕೊಳ್ಳುವ ದುಡ್ಡಿಗೆ ಅಗಲ ಇನ್‌ಪುಟ್ಟಿನ ಎಸ್‌ಎಂಪಿಎಸ್ (ಭಾರದ ಟ್ರಾನ್ಸ್‌ಫಾರ್ಮರ್ ಇಲ್ಲದ ಎಲೆಕ್ಟ್ರಾನಿಕ್) ಚಾರ್ಜರ್ ಕೊಳ್ಳುವುದೇ ಸರಿ. ಡಬ್ಬಿಯ ಹಿಂದೆ 90-265 ಅಂತ ಬರೆದದ್ದನ್ನು ನೋಡಿ ತನ್ನಿ, 'ಎಸಿ 220-240' ಅಂತ ಇರುವುದನ್ನು ಬಿಡಿ.

ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ

ಮಳೆಗಾಲದಲ್ಲಿ ಒಂದು ಕೊಂಬೆ ಲೈನಿನ ಮೇಲೆ ಬಿದ್ದರೆ ಸಾಕು, ಕರೆಂಟ್ ರಾತ್ರಿಯಲ್ಲಿ ನಾಲ್ಕು ಸಲ ಹೋಗಿ ಬರುತ್ತದೆ. ಗುಂಡಿ ಒತ್ತಿ ಮೋಡ್ ಆರಿಸುವ ಎಷ್ಟೋ ಚಾರ್ಜರುಗಳು ಕರೆಂಟ್ ಬಂದಾಗ ಸ್ಟ್ಯಾಂಡ್‌ಬೈನಲ್ಲಿ ಕೂರುತ್ತವೆ, ಯಾರಾದರೂ ಬಂದು ಮತ್ತೆ ಒತ್ತಬೇಕು. ಅಂಗಡಿಯಲ್ಲೇ ಪರೀಕ್ಷಿಸಬಹುದು: ಬ್ಯಾಟರಿಗೆ ಹಚ್ಚಿ, ಮೋಡ್ ಆರಿಸಿ, ಗೋಡೆ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ತಾನಾಗಿ ಅದೇ ಮೋಡಿಗೆ ಬರದಿದ್ದರೆ ಅದು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಸರಿ, ಮಡಿಕೇರಿ ಪಕ್ಕದ ಗಾಳಿಬೀಡಿಗಲ್ಲ.

ಇದರ ಇನ್ನೊಂದು ಮುಖವೂ ಇದೆ. ಕರೆಂಟ್ ಬಂದಾಗಲೆಲ್ಲ ಮೊದಲಿನಿಂದ ಶುರುಮಾಡಿ, ತುಂಬಿದ ಬ್ಯಾಟರಿಗೂ ಎರಡೆರಡು ಗಂಟೆ 14.4 ಬಡಿಯುವ ಚಾರ್ಜರುಗಳು. ನೀರು ಬೇಗ ಕಡಿಮೆಯಾಗುತ್ತಿದೆ ಅನ್ನುವವರು ಇದನ್ನು ಗಮನಿಸಿ. ಬ್ಯಾಟರಿ ಎಷ್ಟು ಇಳಿದಿತ್ತು ಅನ್ನುವುದರ ಮೇಲೆ ಆ ಹಂತದ ಅವಧಿ ನಿರ್ಧರಿಸುವ ಚಾರ್ಜರ್ ಇಲ್ಲಿಗೆ ಹೊಂದುತ್ತದೆ.

ಚಾರ್ಜ್ ಮುಗಿಯುವುದೇ ಇಲ್ಲ, ಬ್ಯಾಟರಿ ಬಿಸಿ

ಮೊದಲು ಫ್ರಿಜ್ ಆಫ್ ಮಾಡಿ ನೋಡಿ. ಕಂಪ್ರೆಸರ್ ಓಡುವಾಗ 4 ಆಂಪ್ ಎಳೆಯುತ್ತದೆ. ಆಂಪ್ 2ಕ್ಕಿಳಿದ ಮೇಲೆ ಫ್ಲೋಟ್‌ಗೆ ಹೋಗಬೇಕೆಂದು ಕಾಯುವ ಚಾರ್ಜರಿಗೆ ಆ 4 ಆಂಪ್ ಬ್ಯಾಟರಿ ಕುಡಿಯುತ್ತಿದೆಯೋ ಫ್ರಿಜ್ ಕುಡಿಯುತ್ತಿದೆಯೋ ಗೊತ್ತಿಲ್ಲ. ರಾತ್ರಿಯಿಡೀ 14.4ರಲ್ಲೇ ನಿಲ್ಲುತ್ತದೆ. ಇಷ್ಟು ಗಂಟೆಗಿಂತ ಮೇಲೆ ಬೇಡ ಅನ್ನುವ ಮಿತಿ ಇರುವ ಚಾರ್ಜರ್ ಇದಕ್ಕೆ ಪರಿಹಾರ.

ಫ್ರಿಜ್ ಆಫ್ ಇದ್ದೂ ಗಂಟೆಗಟ್ಟಲೆ ಪೂರ್ತಿ ಆಂಪ್ ಹೋಗುತ್ತಿದ್ದು ವೋಲ್ಟೇಜ್ 13 ದಾಟದೆ ಬ್ಯಾಟರಿಯ ಒಂದು ಪಕ್ಕ ಮಾತ್ರ ಬಿಸಿಯಾದರೆ ಶಾರ್ಟ್ ಸೆಲ್. ಕೈ ಇಡಲಾಗದಷ್ಟು ಕಾದರೆ ಪ್ಲಗ್ ತೆಗೆದು, ಬಾಗಿಲು ತೆರೆದು, ಆರಲು ಬಿಡಿ. ಕಿಡಿ, ಬೀಡಿ ಹತ್ತಿರ ಬೇಡ. ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಹೊತ್ತಿಕೊಳ್ಳುತ್ತದೆ. ಟರ್ಮಿನಲ್ಲಿನಲ್ಲಿ 15 ದಾಟಿದ್ದರೆ, ಈಕ್ವಲೈಸ್ ಮೋಡ್ ಆನ್ ಆಗಿಲ್ಲವೆಂದು ಖಾತ್ರಿಯಾದ ಮೇಲೆ, ಚಾರ್ಜರೇ ಕೆಟ್ಟಿದೆ.

ಚಾರ್ಜರ್ ಬ್ಯಾಟರಿಯನ್ನು ಗುರುತಿಸುತ್ತಲೇ ಇಲ್ಲ

ಪೂರ್ತಿ ಇಳಿದ ಬ್ಯಾಟರಿಯನ್ನು ಕಂಡರೆ ಬುದ್ಧಿವಂತ ಚಾರ್ಜರುಗಳು ಕಿಡಿ ಭಯಕ್ಕೆ ಶುರುವೇ ಮಾಡುವುದಿಲ್ಲ. ಲಿಥಿಯಂನಲ್ಲಿ ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ಕಟ್ ಮಾಡಿದ್ದರೆ ಟರ್ಮಿನಲ್ ಸೊನ್ನೆ ತೋರಿಸುತ್ತದೆ, ಬ್ಯಾಟರಿ ಸತ್ತಿರುವುದಿಲ್ಲ. ಲಿಥಿಯಂ ಎಬ್ಬಿಸುವ ಮೋಡ್ ಅಥವಾ ಪವರ್ ಸಪ್ಲೈ ಮೋಡ್ ಇರುವ ಚಾರ್ಜರ್ ಇದನ್ನು ಬಿಡಿಸುತ್ತದೆ. ಕನೆಕ್ಟ್ ಮಾಡುವ ಮುನ್ನ ಪ್ಲಸ್ ಮೈನಸ್ ಎರಡು ಸಲ ನೋಡಿ.

ವ್ಯಾನಿನ ಬಾಡಿ ಮುಟ್ಟಿದರೆ ಜುಮ್ ಅನ್ನುತ್ತದೆ

ಎಸ್‌ಎಂಪಿಎಸ್ ಚಾರ್ಜರಿನ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಅರ್ತ್‌ಗೆ ಸ್ವಲ್ಪ ಸ್ವಲ್ಪ ಸೋರಿಸುತ್ತವೆ. ಅರ್ತ್ ಸರಿಯಿದ್ದರೆ ಅದು ನೆಲಕ್ಕೆ ಹೋಗುತ್ತದೆ. ಹಳೇ ಬಂಗಲೆಯ ಎರಡು ಪಿನ್ನಿನ ಪ್ಲಗ್ಗಿನಲ್ಲಿ, ತುಂಡಾದ ಅರ್ತ್ ತಂತಿಯಲ್ಲಿ, ವ್ಯಾನಿನ ಬಾಡಿಯೇ ನೂರು ಚಿಲ್ಲರೆ ವೋಲ್ಟಿಗೆ ಏರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಬಾಗಿಲು ಹಿಡಿದವರಿಗೆ ಗೊತ್ತಾಗುವುದು ಅದೇ. ಹೋಂಸ್ಟೇ ಪ್ಲಗ್ಗಿನಲ್ಲಿ ಫೇಸ್-ಅರ್ತ್ ನಡುವೆ 230ರ ಹತ್ತಿರ, ನ್ಯೂಟ್ರಲ್-ಅರ್ತ್ ನಡುವೆ 5ಕ್ಕಿಂತ ಕಡಿಮೆ ಬರಬೇಕು. ಬರದಿದ್ದರೆ ಅಲ್ಲಿ ಪ್ಲಗ್ ಹಾಕಬೇಡಿ. ಅರ್ತ್ ಪಿನ್ ಕಿತ್ತು ಹಾಕಿ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ನಿಲ್ಲಿಸುವವರ ಜೊತೆ ವಾದಕ್ಕಿಳಿಯುವ ಬದಲು ವ್ಯಾನಿನಲ್ಲೇ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಏಪ್ರಿಲ್-ಮೇ ಗುಡುಗಿನ ಸಂಜೆಗಳಲ್ಲಿ ಮೊದಲ ಮಿಂಚಿಗೇ ಪ್ಲಗ್ ಕಿತ್ತಿಡಿ.

ಇಷ್ಟೆಲ್ಲ ನೋಡಿಯೂ ಚಾರ್ಜರೇ ಬೇಕು ಅಂತಾದರೆ

ಮೊದಲು ಒಂದು ದಿನದ ಖರ್ಚು ಬರೆಯಿರಿ. ಫ್ರಿಜ್ 4 ಆಂಪ್‌ನಂತೆ ದಿನಕ್ಕೆ ಒಟ್ಟು 10 ಗಂಟೆ ಓಡಿದರೆ 40 ಎಎಚ್. ಎಲ್‌ಇಡಿ ದೀಪ 5, ಮೊಬೈಲ್ ಲ್ಯಾಪ್‌ಟಾಪ್ 8, ಕುಶಾಲನಗರದ ಸೆಕೆಗೆ ಫ್ಯಾನ್ 12. ಒಟ್ಟು 65. ಲೆಡ್ ಆಸಿಡ್ಡನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು, ಹಾಗಾಗಿ 150 ಎಎಚ್ ಬೇಕು. ಚಾರ್ಜರ್ ಅದರ ಹತ್ತನೇ ಒಂದು ಪಾಲು, ಅಂದರೆ 15 ಆಂಪ್. ಎಜಿಎಂ ಆದರೆ 20-30 ಆದೀತು. ಸಮಯದ ಲೆಕ್ಕಕ್ಕೆ 65ಕ್ಕೆ ನಷ್ಟ ಸೇರಿಸಿ 78, ಅದನ್ನು 15ರಿಂದ ಭಾಗಿಸಿದರೆ ಐದು ಗಂಟೆ ಚಿಲ್ಲರೆ, ಕೊನೆಯ ನಿಧಾನ ಹಂತಕ್ಕೆ ಇನ್ನು ಮೂರು. 'ಎರಡು ಗಂಟೆಯಲ್ಲಿ ಫುಲ್' ಅನ್ನುವುದು ಲೆಡ್ ಆಸಿಡ್ಡಿಗೆ ಆಗದ ಮಾತು, ಎಷ್ಟು ದೊಡ್ಡ ಚಾರ್ಜರ್ ತಂದರೂ ಕೊನೆಯ ಮೂರು ಗಂಟೆ ಅದೇ. 100 ಎಎಚ್ ಲಿಥಿಯಂಗೆ 20-30 ಆಂಪ್, 14.2-14.6 ವೋಲ್ಟಿನ ಲಿಥಿಯಂ ಮೋಡ್, ತಾನಾಗಿ ಡಿಸಲ್ಫೇಷನ್‌ಗೆ (ಸಲ್ಫೇಟ್ ಕರಗಿಸುವ ಹಂತಕ್ಕೆ) ಹೋಗದಂಥದ್ದು.

ವೋಲ್ಟೇಜ್ ಸೆಟ್ಟಿಂಗ್ ಬ್ಯಾಟರಿಯ ಮೇಲಿನ ಲೇಬಲ್ ನೋಡಿ ಇಡಿ: ಜೆಲ್‌ಗೆ 14.1-14.4, ಎಜಿಎಂಗೆ 14.4-14.7. ಟೆಂಪರೇಚರ್ ಸೆನ್ಸರ್ ತಂತಿ ಇರುವ ಚಾರ್ಜರ್ ಸಿಕ್ಕರೆ ಲೆಡ್ ಆಸಿಡ್ಡಿಗೆ ಅದೇ ಮೇಲು. 25 ಡಿಗ್ರಿಗಿಂತ 10 ಡಿಗ್ರಿ ತಣ್ಣಗಾದರೆ ಬ್ಯಾಟರಿ ಸುಮಾರು 0.2 ವೋಲ್ಟ್ ಹೆಚ್ಚು ಕೇಳುತ್ತದೆ, ಜನವರಿಯ ಮಡಿಕೇರಿ ಬೆಳಗಿಗೆ ಅದು ಸಣ್ಣ ವ್ಯತ್ಯಾಸವಲ್ಲ. ಚಿಕ್ಕ ಪೆಟ್ರೋಲ್ ಜನರೇಟರಿನಲ್ಲಿ ಓಡಿಸುವವರು ವ್ಯಾಟ್ ಅಲ್ಲ, ವಿಎ (ವೋಲ್ಟನ್ನು ಆಂಪ್‌ನಿಂದ ಗುಣಿಸಿದ್ದು) ನೋಡಬೇಕು. 20 ಆಂಪ್ ಚಾರ್ಜರ್ 340 ವ್ಯಾಟ್ ಎಳೆದರೂ ಪವರ್ ಫ್ಯಾಕ್ಟರ್ 0.6 ಇದ್ದರೆ ಜನರೇಟರಿಗೆ ಅದು 570 ವಿಎ ಹೊರೆ.

ಮನೆಯ ಇನ್ವರ್ಟರನ್ನೇ ವ್ಯಾನಿಗೆ ಹಾಕುವವರು ಬಹಳ. ಚಾರ್ಜ್ ಆಗುತ್ತದೆ, ಅಡ್ಡಿಯಿಲ್ಲ. ಆದರೆ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿದ್ದರೆ ಲೈನ್ 180ಕ್ಕಿಳಿದಾಗ ಅದು 'ಕರೆಂಟ್ ಹೋಯಿತು' ಅಂದುಕೊಂಡು ಚಾರ್ಜ್ ನಿಲ್ಲಿಸಿ ಬ್ಯಾಟರಿಯನ್ನೇ ಖಾಲಿ ಮಾಡಲು ಶುರುಮಾಡುತ್ತದೆ. ಇಕೋ ಮೋಡಿಗೆ ಹಾಕಿ. ಅದರ ಜೊತೆ ಬರುವ ಎತ್ತರದ ಟ್ಯೂಬ್ಯುಲರ್ ಬ್ಯಾಟರಿಯನ್ನು ಮಾತ್ರ ಮನೆಯಲ್ಲೇ ಬಿಡಿ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಆಸಿಡ್ ತುಳುಕಿಸುತ್ತದೆ, ಮಲಗುವ ಜಾಗದಲ್ಲಿ ಗ್ಯಾಸ್ ಬಿಡುತ್ತದೆ.

ಹೊಸ ಚಾರ್ಜರ್ ಕೂರಿಸಿದ ಮೊದಲ ಬೆಳಿಗ್ಗೆ, ಫ್ಲೋಟ್‌ಗೆ ಇಳಿಯುವ ಮುಂಚೆಯೇ, ಫ್ರಿಜ್ ಆಫ್ ಮಾಡಿ ಬ್ಯಾಟರಿಯ ತಂತಿಗೆ ಕ್ಲ್ಯಾಂಪ್ ಹಾಕಿ. ಟರ್ಮಿನಲ್ಲಿನಲ್ಲಿ 14.4 ನಿಂತು, 150 ಎಎಚ್ ಬ್ಯಾಟರಿ 1.5ರಿಂದ 3 ಆಂಪ್ ಮಾತ್ರ ಕುಡಿಯುತ್ತಿದ್ದರೆ ತುಂಬಿದೆ, ಪ್ಲಗ್ ಕಿತ್ತು ಹೊರಡಬಹುದು. ಇನ್ನೂ 6-7 ಆಂಪ್ ಹೋಗುತ್ತಿದ್ದರೆ ತಿಂಡಿ ಮುಗಿಯುವ ತನಕ ಹಾಗೇ ಬಿಡಿ.